ಹೆಬ್ಬೆರಳಿನ ಕೆಳಗಿದ್ದ ಸಾಲು

ಮೂರು ವರ್ಷ ನಾನೊಂದು ಬ್ಲಾಗ್ ಬರೆದೆ. ಆ ಮೂರು ವರ್ಷದಲ್ಲಿ ಒಂದು ದಿನವೂ ಅದನ್ನು ಕಣ್ಣಾರೆ ನೋಡಲಿಲ್ಲ. ಹೇಳಿದರೆ ಜನ ನಗುತ್ತಾರೆ. ನಗಲಿ. ನಾನಿದ್ದದ್ದು ಚೀನಾದಲ್ಲಿ, ಸಮುದ್ರದಿಂದ ಬಹಳ ಒಳಗಿದ್ದ ಒಂದು ಊರಿನಲ್ಲಿ. ನನ್ನ ಬ್ಲಾಗ್ ಇದ್ದ ತಾಣ ಆ ದೇಶದಲ್ಲಿ ಬಂದ್ ಆಗಿತ್ತು. ವಿಳಾಸ ಹಾಕಿ ಒತ್ತಿದರೆ ಬಿಳಿ ಪರದೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಿತ್ತು, ಆಮೇಲೆ ಪುಟ ಸಿಗುತ್ತಿಲ್ಲ ಎನ್ನುತ್ತಿತ್ತು. ನೋಡಬೇಡ ಎಂದು ಯಾರೂ ಹೇಳುವುದಿಲ್ಲ. ಸಿಗುತ್ತಿಲ್ಲ, ಅಷ್ಟೇ. ಬೈದರೆ ತಿರುಗಿ ಬೈಯಬಹುದು; ಇಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು?

ಅಲ್ಲಿಗೆ ಹೋದದ್ದು ಯೋಗ ಕಲಿಸಲು. ದೈಹಿಕ ಶಿಕ್ಷಣದ ಸರ್ಟಿಫಿಕೇಟ್ ಹಿಡಿದುಕೊಂಡು ಯಾದಗಿರಿ, ಶಹಾಪುರ, ಸುರಪುರದ ಖಾಸಗಿ ಶಾಲೆಗಳಲ್ಲಿ ವರ್ಷಗಟ್ಟಲೆ ಸೀಟಿ ಊದಿದೆ. ಸರ್ಕಾರಿ ನೌಕರಿ ಮಾತ್ರ ಕೈಗೆ ಹತ್ತಲಿಲ್ಲ. ಕೊನೆಗೆ ಪರಿಚಯದವರೊಬ್ಬರು, ಚೀನಾದಲ್ಲಿ ಯೋಗ ಹೇಳಿಕೊಡುವವರು ಬೇಕಂತೆ, ಮೂರು ವರ್ಷದ ಕರಾರು, ನಡುವೆ ಊರಿಗೆ ಬರುವಂತಿಲ್ಲ ಎಂದರು. ನನಗೆ ನೆಟ್ಟಗೆ ಬರುತ್ತಿದ್ದದ್ದು ಹತ್ತು ಹನ್ನೆರಡು ಆಸನ. ಆದರೂ ಹೂಂ ಅಂದೆ.

ಹೊರಡುವ ದಿನ ದೊಡ್ಡವ್ವ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಆಕೆಗೆ ಆಗಲೇ ಕಿವಿ ಮಂದವಾಗಿತ್ತು, ಏನಿದ್ದರೂ ಕೂಗಿಯೇ ಹೇಳಬೇಕು.

"ಅಲ್ಲೇನ್ ಕೆಲಸ ಮಾಡ್ತಿ?"

"ಮಂದಿಗಿ ಮೈ ಬಗ್ಗಸೂದು ಕಲಸ್ತೀನಿ, ದೊಡ್ಡವ್ವ."

"ಅದಕ್ಕ ಅಷ್ಟು ದೂರ ಯಾಕ ಹೋಗ್ತಿ? ಹತ್ತಿ ಹೊಲದಾಗ ಕಳೆ ತಗ್ಯಾಕ ಹಚ್ಚು, ತಾವ ಬಗ್ತಾರ."

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ತಂಗಿ ಹುಟ್ಟಿದ ವರ್ಷವೇ ಅವ್ವ ತೀರಿಕೊಂಡಳು. ನಮ್ಮಿಬ್ಬರನ್ನೂ ಸಾಕಿದವಳು ದೊಡ್ಡವ್ವ. ಆಕೆಗೆ ಮಕ್ಕಳಿರಲಿಲ್ಲ, ಓದು ಬರುತ್ತಿರಲಿಲ್ಲ, ಬೈಗುಳ ಚೆನ್ನಾಗಿ ಬರುತ್ತಿತ್ತು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಬದಿಗೆ, ಕಾಲುವೆಯ ಪಕ್ಕದಲ್ಲಿ ನಮ್ಮ ಊರು. ನಾನು ಹೊರಡುವ ಹೊತ್ತಿಗೆ ಅಪ್ಪ ಹೋಗಿ ಕೆಲವು ವರ್ಷಗಳಾಗಿದ್ದವು. ತಂಗಿ ಊರಲ್ಲೇ ಮದುವೆಯಾಗಿ, ಸುರಪುರದ ಶಾಲೆಯಲ್ಲಿ ಟೀಚರ್ ಆಗಿ, ದೊಡ್ಡವ್ವನನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಳು.

ಬ್ಲಾಗ್ ಶುರು ಮಾಡಿದ್ದು ಊರಿನಲ್ಲಿದ್ದಾಗಲೇ. ಹಸಿರು ಬಣ್ಣದ ಹಿನ್ನೆಲೆ ಹಾಕಿ, ಒಂದು ಲೇಖನ ಏರಿಸಿ, ಪರದೇಶದಿಂದ ದಿನಾ ಬರೆಯುತ್ತೇನೆಂದು ಗೆಳೆಯರಿಗೆಲ್ಲ ಹೇಳಿಕೊಂಡು ಹೋದವನು ನಾನು. ಹೋದ ಎರಡನೆಯ ದಿನವೇ ಬಾಗಿಲು ಬಂದ್ ಎಂದು ಗೊತ್ತಾಯಿತು. ಬೇಲಿ ದಾಟುವ ಕಳ್ಳದಾರಿಗಳು ಇದ್ದವಂತೆ. ಒಂದನ್ನು ಹಾಕಿಕೊಂಡೆ, ಪುಟ ತೆರೆಯುವ ಮುಂಚೆಯೇ ಸತ್ತಿತು. ಇನ್ನೊಂದು ಹಾಕಿಕೊಳ್ಳುವ ಧೈರ್ಯ ಬರಲಿಲ್ಲ, ಯಾಕೆಂದರೆ ನನ್ನ ಪಾಸ್‌ಪೋರ್ಟ್ ಯೋಗಶಾಲೆಯ ಕಪಾಟಿನಲ್ಲಿತ್ತು. ಇಮೇಲ್ ಮಾತ್ರ ತೆವಳುತ್ತಾ ತೆರೆಯುತ್ತಿತ್ತು. ಹೀಗಾಗಿ ಬರೆದದ್ದನ್ನು ತಂಗಿಗೆ ಕಳಿಸುವುದು, ಅವಳು ಶಾಲೆ ಬಿಟ್ಟ ಮೇಲೆ ಸುರಪುರದ ನೆಟ್ ಸೆಂಟರಿನಲ್ಲಿ ಕೂತು ಬ್ಲಾಗಿಗೆ ಹಾಕುವುದು, ಓದಿದವರು ಕೆಳಗೆ ಬರೆದದ್ದನ್ನು ನಕಲು ಮಾಡಿ ನನಗೆ ಕಳಿಸುವುದು ಎಂದು ವ್ಯವಸ್ಥೆ ಆಯಿತು.

ಮೊದಮೊದಲು ಅಲ್ಲಿಯದನ್ನೇ ಬರೆದೆ. ನಮ್ಮ ಕಟ್ಟಡದ ಕೆಳಗೆ ಸೇವಿಗೆಯಂಥ ತಿಂಡಿ ಮಾರುತ್ತಿದ್ದ ಮುದುಕನ ಗಾಡಿಯನ್ನು ಸಮವಸ್ತ್ರದವರು ಎತ್ತಿಕೊಂಡು ಹೋದದ್ದರ ಬಗ್ಗೆ ಒಂದು ಪುಟ. ಬೈದು ಬರೆದಿರಲಿಲ್ಲ, ಕಂಡದ್ದು ಬರೆದಿದ್ದೆ. ವಾರದ ಮೇಲೆ ನಮ್ಮ ಮ್ಯಾನೇಜರ್ ಹೆಂಗಸು ಚಹಾಕ್ಕೆ ಕರೆದಳು. ಅದು ಇದು ಮಾತಾಡಿದಳು. ಎದ್ದು ಹೊರಡುವಾಗ ನಗುತ್ತಾ, ನೀವು ಏನೋ ಬರೆಯುತ್ತೀರಂತೆ, ಬಹಳ ಒಳ್ಳೆಯ ಹವ್ಯಾಸ ಎಂದಳು. ನಾನು ಒಬ್ಬ ವಿದ್ಯಾರ್ಥಿಗೆ ಮಾತ್ರ ಬ್ಲಾಗಿನ ವಿಷಯ ಹೇಳಿದ್ದೆ. ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ, ಅವಳು ಓದಿರಲಾರಳು, ಬರೀ ಉಪಚಾರದ ಮಾತೇ ಇರಬಹುದು. ಆದರೂ ಹೆದರಿದೆ. ಅಂದಿನಿಂದ ಆ ದೇಶದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ನನಗೆ ಯಾರೂ ಬಾಯಿ ಮುಚ್ಚು ಅನ್ನಲಿಲ್ಲ, ನಾನೇ ಮುಚ್ಚಿಕೊಂಡೆ. ಪುಕ್ಕಲತನ ಎಂದರೆ ಪುಕ್ಕಲತನ.

ಬರೆಯಲು ಉಳಿದದ್ದು ಊರು. ಊರು ಎಂದರೆ ದೊಡ್ಡವ್ವ. ಆಕೆ ಕಾಲುವೆ ಬರುವ ಮುಂಚೆ ಹಳ್ಳದಿಂದ ನೀರು ಹೊತ್ತದ್ದು, ಕಾಲುವೆ ತೋಡುವಾಗ ಕಲ್ಲು ಮಣ್ಣು ಹೊತ್ತದ್ದು, ನೀರು ಬಂದ ಮೇಲೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತ ನಾಟಿ ಮಾಡಲು ಕಲಿತದ್ದು. ತಂಗಿ ಅವನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಮನೆಯಲ್ಲಿ ದೊಡ್ಡವ್ವನ ಕಿವಿಯ ಹತ್ತಿರ ಕೂತು ಜೋರಾಗಿ ಓದುತ್ತಿದ್ದಳು. ಓಣಿಗೆಲ್ಲ ಕೇಳುತ್ತಿತ್ತಂತೆ. ದೊಡ್ಡವ್ವ ಹೇಳಿದ್ದನ್ನು ಕೆಳಗೆ ಬರೆದು ಕಳಿಸುತ್ತಿದ್ದಳು. "ಸುಳ್ಳ ಬರದಾನ, ಆವಾಗ ನಮ್ಮನಿಯಾಗ ಆಕಳ ಎರಡಿದ್ವು, ಒಂದಲ್ಲ." "ಅದು ಬುಧವಾರ ಅಲ್ಲ, ಸಂತಿ ದಿನ." "ನನ್ನ ಸೀರಿ ಹರದಿತ್ತಂತ ಬರೀಬೇಕಿತ್ತೇನು? ಮಂದಿ ಏನಂದಾರು?" ಯಾವ ಲೇಖನವನ್ನೂ ಆಕೆ ತಪ್ಪು ಹಿಡಿಯದೆ ಬಿಡಲಿಲ್ಲ. ಓದುಗರ ಮೆಚ್ಚುಗೆಯನ್ನು ನಾನು ಒಂದು ಸಲ ಓದುತ್ತಿದ್ದೆ, ಈ ಬೈಗುಳವನ್ನು ಹತ್ತು ಸಲ.

ಫೋನು ಮಾಡಿದರೆ ಆಕೆ "ಉಂಡಿ?" ಎಂದು ಕೂಗಿ, ಉತ್ತರ ಕೇಳಿಸದೆ ತಂಗಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ಮಾತು ಅಷ್ಟೇ. ಆದ್ದರಿಂದ ನಾನು ದೊಡ್ಡವ್ವನ ಜೊತೆ ನಿಜವಾಗಿ ಮಾತಾಡುತ್ತಿದ್ದದ್ದು ನನಗೇ ಕಾಣದ ಆ ಬ್ಲಾಗಿನಲ್ಲಿ.

ಆಕೆಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿತ್ತು. ಅದನ್ನು ಹೇಳಲು ಹಿಂದಕ್ಕೆ ಹೋಗಬೇಕು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ಕಾಗದಗಳನ್ನೆಲ್ಲ ಓದುತ್ತಿದ್ದವನು ನಾನೇ. ದುಡಿಯಲು ಹೋದವರ ಮನೆಗೆ ಕಾಗದ ಬಂದರೆ ಸಂಜೆ ಕಟ್ಟೆಯ ಮೇಲೆ ನನ್ನನ್ನು ಕೂರಿಸುತ್ತಿದ್ದರು, ಕೈಗೆ ಬೆಲ್ಲ ಕೊಡುತ್ತಿದ್ದರು. ಒಂದು ಮನೆಯ ಕಾಗದ ಯಾರು ಓದುತ್ತಾರೋ ಅವರೇ ಕೊನೆಯವರೆಗೂ ಓದಬೇಕು, ಇನ್ನೊಬ್ಬರ ಕೈಗೆ ಕೊಡುವುದು ನಂಬಿಕೆ ಇಲ್ಲ ಎಂದ ಹಾಗೆ. ಓದಿದ ಮೇಲೆ ಕಾಗದವನ್ನು ಗೋಡೆಗೆ ತೂಗುಹಾಕಿದ ತಂತಿಗೆ ಚುಚ್ಚಿಡುತ್ತಿದ್ದರು. ಸಾವಿನ ಕಾಗದವಾದರೆ ಮಾತ್ರ ಹೊರಗೇ ಹರಿದು ಬಿಸಾಡುವುದು. ಅದನ್ನು ಮನೆಯೊಳಗೆ ತರುವಂತಿಲ್ಲ.

ದೊಡ್ಡಪ್ಪ ಕಾಲುವೆ ಕೆಲಸದಲ್ಲಿ ಗ್ಯಾಂಗಿನ ಮೇಸ್ತ್ರಿ. ನಮ್ಮ ಭಾಗದ ಕೆಲಸ ಮುಗಿದ ಮೇಲೆ ಗುತ್ತಿಗೆದಾರ ಆ ಗ್ಯಾಂಗನ್ನು ಮಹಾರಾಷ್ಟ್ರದ ಕಡೆ ಇನ್ನೊಂದು ಕೆಲಸಕ್ಕೆ ಕರೆದುಕೊಂಡು ಹೋದ. ಅಲ್ಲಿಂದ ಎರಡು ತಿಂಗಳಿಗೊಮ್ಮೆ ಇನ್‌ಲ್ಯಾಂಡ್ ಕಾಗದ ಬರುತ್ತಿತ್ತು. ಅಪ್ಪನ ಹೆಸರಿಗೆ, ಬೇರೆ ಯಾರದೋ ಅಕ್ಷರದಲ್ಲಿ. ದೊಡ್ಡಪ್ಪನಿಗೂ ಬರೆಯಲು ಬರುತ್ತಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ನಮ್ಮ ಹೊಲಕ್ಕೆ ಮೊದಲ ಸಲ ಕಾಲುವೆಯ ನೀರು ಹರಿದಿತ್ತು. ಜೋಳ ಬಿಟ್ಟು ಬೇರೆ ಗೊತ್ತಿಲ್ಲದ ಅಪ್ಪ ಎರಡು ಎಕರೆ ಭತ್ತಕ್ಕೆ ಕೆಸರು ಮಾಡಿಕೊಂಡಿದ್ದ. ನೀರು ಪಾಳಿಯ ಪ್ರಕಾರ ಬರುತ್ತಿತ್ತು. ಪಾಳಿಯ ದಿನ ಹೊಲದಲ್ಲಿ ಇಲ್ಲದಿದ್ದರೆ ನೀರು ಮುಂದಿನವರ ಪಾಲು. ಅಪ್ಪ ಊಟಕ್ಕೂ ಓಡುತ್ತಾ ಬರುತ್ತಿದ್ದ. ಅಂಥ ಒಂದು ಸಂಜೆ ಕಾಗದ ಬಂತು. ನಾನು ಬಿಡಿಸಿ ಹಿಡಿದೆ. ಒಂದು ಬದಿಗೆ ದೊಡ್ಡವ್ವ, ಇನ್ನೊಂದು ಬದಿಗೆ ಅಪ್ಪ. ಅಪ್ಪನಿಗೆ ಸ್ವಲ್ಪ ಓದಲು ಬರುತ್ತಿತ್ತು, ಕೂಡಿಸಿ ಕೂಡಿಸಿ.

"ನನಗ ಮೈಯಾಗ ಆರಾಮಿಲ್ಲ. ದವಾಖಾನಿಗಿ ಹಾಕ್ಯಾರ. ಅಕಿನ್ನ ಕರಕೊಂಡು ಜಲ್ದಿ ಬಾ. ಅಕಿ ಬಂದ್ರ ಸಾಕು."

ಇಷ್ಟನ್ನು ನಾನು ಮನಸ್ಸಿನಲ್ಲಿ ಓದಿಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ಹೆಬ್ಬೆರಳು ಬಂದು ಆ ಸಾಲುಗಳ ಮೇಲೆ ಕೂತಿತು. ಉಗುರಿನಲ್ಲಿ ಕೆಸರಿತ್ತು. ಕಾಗದದ ಮೇಲೆ ಒದ್ದೆ ಗುರುತು ಮೂಡಿತು.

"ಮುಂದಿಂದು ಓದು," ಎಂದ ಅಪ್ಪ.

ಮುಂದೆ ಏನೂ ಇರಲಿಲ್ಲ, ಬರೆದವನ ಸಹಿ ಬಿಟ್ಟರೆ. ನಾನು ಅಪ್ಪನ ಮುಖ ನೋಡಿದೆ, ದೊಡ್ಡವ್ವನ ಮುಖ ನೋಡಿದೆ. ಆಮೇಲೆ ಓದಿದೆ. "ನಾನು ಆರಾಮ ಅದೀನಿ. ಕೆಲಸ ಚೊಲೋ ನಡದದ. ಹುಡುಗರನ್ನ ಚಂದ ನೋಡ್ಕೋ. ದೀಪಾವಳಿಗಿ ಬರ್ತೀನಿ." ದೀಪಾವಳಿಯ ಮಾತು ಯಾರೂ ಹೇಳಿಕೊಟ್ಟದ್ದಲ್ಲ. ನಾನೇ ಹುಟ್ಟಿಸಿದ್ದು. ಅದನ್ನು ಕೇಳಿ ದೊಡ್ಡವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು. ನನಗೂ ಒಂದು ಬಗೆಯ ಜಂಬ ಬಂತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಮೇಲೆ ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, "ಎಂಟು ದಿನ ತಡಿ. ಈ ಪಾಳಿ ಮುಗೀಲಿ, ನಾನ ಹೋಗಿ ಅಂವನ್ನ ಕರಕೊಂಡು ಬರ್ತೀನಿ. ಅಕಿಗಿ ಈಗ ಹೇಳಿದ್ರ ಎದಿ ಎದಿ ಬಡಕೋತಾಳ," ಎಂದ. ಅಪ್ಪ ಕೆಟ್ಟವನಲ್ಲ. ಅಣ್ಣನ ಮೇಲೆ ಜೀವ ಇಟ್ಟುಕೊಂಡವನು. ದವಾಖಾನೆಯಲ್ಲಿ ಇದ್ದಾನೆಂದರೆ ನೋಡಿಕೊಳ್ಳುವವರಿದ್ದಾರೆ ಎಂದೇ ಅವನು ತಿಳಿದಿದ್ದ. ಏಳನೆಯ ದಿನ ಗ್ಯಾಂಗಿನವನೊಬ್ಬ ದೊಡ್ಡಪ್ಪನ ಹಾಸಿಗೆ ಸುರುಳಿ ಮತ್ತು ಟ್ರಂಕು ಹೊತ್ತುಕೊಂಡು ನಮ್ಮ ಅಂಗಳಕ್ಕೆ ಬಂದ. ಮಣ್ಣು ಅಲ್ಲಿಯೇ ಮಾಡಿದ್ದರು.

ಆ ಸುಗ್ಗಿಗೆ ನಮ್ಮ ಮನೆಯಲ್ಲಿ ನಮ್ಮದೇ ಹೊಲದ ಅಕ್ಕಿ ಬೆಂದಿತು. ಬಡಿಸಿದವಳು ದೊಡ್ಡವ್ವನೇ.

ಗಂಡ ಸತ್ತದ್ದಕ್ಕಿಂತ ಹೆಚ್ಚಾಗಿ ಇನ್ನೊಂದು ವಿಷಯ ಆಕೆಯನ್ನು ತಿಂದಿತು. "ಸಾಯೂ ಮುಂದ ಒಂದು ಮಾತು ನನ್ನ ಕರೀಲಿಲ್ಲ ನೋಡು," ಎನ್ನುತ್ತಿದ್ದಳು. ಕಳೆ ತೆಗೆಯುವಾಗ, ರೊಟ್ಟಿ ಬಡಿಯುವಾಗ, ಯಾರ ಮುಂದೆಯೂ ಅಲ್ಲ, ಹಾಗೇ. "ಕರದಿದ್ರ ನಡಕೋತ ಹೋಗ್ತಿದ್ದೆ. ಅಂವಗ ನನ್ನ ನೆನಪ ಆಗಲಿಲ್ಲ." ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಆ ಕೊನೆಯ ಕಾಗದವನ್ನು ತಂತಿಯಿಂದ ಬಿಡಿಸಿ ತಂದು, "ಇದರಾಗ ಮತ್ತೇನರ ಅದ ಏನು, ಇನ್ನೊಮ್ಮಿ ಓದು," ಎಂದು ನನ್ನ ಮುಂದೆ ಹಿಡಿಯುತ್ತಿದ್ದಳು. ಕೆಸರಿನ ಬೆರಳಚ್ಚು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನಾನು ಓದುತ್ತಿದ್ದೆ. ನಿಜವಾದ ಕಾಗದಗಳನ್ನು ಮತ್ತೆ ಓದುವಾಗ ಎಲ್ಲೋ ತಡವರಿಸುತ್ತಿದ್ದೆ, ಒಂದು ಪದ ಆಚೆ ಈಚೆ ಆಗುತ್ತಿತ್ತು. ಇದನ್ನು ಮಾತ್ರ ಒಂದೇ ಉಸಿರಿನಲ್ಲಿ, ಅದೇ ಮಾತು, ಅದೇ ಕ್ರಮ. ಸುಳ್ಳು ಬಾಯಿಪಾಠ ಆಗಿತ್ತು. ತಂಗಿ ಅಕ್ಷರ ಕಲಿತ ವರ್ಷ, ಅವಳ ಕೈಗೆ ಸಿಕ್ಕೀತೆಂದು ಹೆದರಿ ಆ ಕಾಗದವನ್ನು ತಂತಿಯ ಎಲ್ಲ ಕಾಗದಗಳ ಅಡಿಗೆ ಸೇರಿಸಿದೆ.

ದೊಡ್ಡವನಾದ ಮೇಲೆ ಹೇಳಬಹುದಿತ್ತು. ಅಪ್ಪ ಇರುವವರೆಗೆ ಅಪ್ಪನ ಮರ್ಯಾದೆ ಎಂದುಕೊಂಡೆ. ಅಪ್ಪ ಹೋದ ಮೇಲೆ, ಈಗ ಹೇಳಿ ಮುದುಕಿಯನ್ನು ಯಾಕೆ ಅಳಿಸುವುದು ಎಂದುಕೊಂಡೆ. ನೆಪಕ್ಕೇನು, ಕೈ ಹಾಕಿದಲ್ಲೆಲ್ಲ ಸಿಗುತ್ತದೆ. ಅಪ್ಪನ ಹೆಬ್ಬೆರಳು ಎಂದೋ ಮಣ್ಣು ಸೇರಿತ್ತು. ಆ ಸಾಲಿನ ಮೇಲೆ ಈಗ ಇದ್ದದ್ದು ನನ್ನದು.

ಚೀನಾದಲ್ಲಿ, ಎರಡನೆಯ ವರ್ಷದ ಒಂದು ರಜೆಯ ಮಧ್ಯಾಹ್ನ, ಮತ್ತೆ ಒಂದು ಸಲ ಬ್ಲಾಗಿನ ವಿಳಾಸ ಹಾಕಿ ಒತ್ತಿದೆ. ಸುಮ್ಮನೆ, ಚಟಕ್ಕೆ. ಪುಟ ಸಿಗುತ್ತಿಲ್ಲ ಎಂದಿತು. ನನಗೆ ಕಟ್ಟೆಯ ಮೇಲೆ ಕೂತ ದೊಡ್ಡವ್ವ ನೆನಪಾದಳು. ಕಣ್ಣ ಮುಂದೆ ಹಿಡಿದ ಕಾಗದ, ಅದರೊಳಗೆ ತನ್ನದೇ ಗಂಡನ ಮಾತು, ಓದಲು ಬರುವುದಿಲ್ಲ. ಅವತ್ತು ಕೂತು ಎಲ್ಲವನ್ನೂ ಬರೆದೆ. ಪಾಳಿ, ಕೆಸರು, ಹೆಬ್ಬೆರಳು, ದೀಪಾವಳಿ. ಕಾಗದದಲ್ಲಿದ್ದ ನಿಜವಾದ ಮಾತುಗಳನ್ನು ಇದ್ದ ಹಾಗೆಯೇ ಬರೆದೆ. ಫೋನಿನಲ್ಲಿ ಕೂಗಿ ಹೇಳುವ ಮಾತಲ್ಲ ಅದು. ಇಡೀ ಲೋಕದ ಮುಂದೆ ಹೇಳುವುದು ಆಕೆಯೊಬ್ಬಳ ಮುಂದೆ ಹೇಳುವುದಕ್ಕಿಂತ ಸುಲಭವಿತ್ತು. ಕೆಳಗೆ ತಂಗಿಗೆ ಬರೆದೆ: ಇದನ್ನು ದೊಡ್ಡವ್ವನಿಗೆ ಪೂರ್ತಿ ಓದಿ ಹೇಳು. ಒಂದು ಸಾಲನ್ನೂ ಬಿಡಬೇಡ.

ಎರಡು ಮೂರು ದಿನಕ್ಕೆ ಬರುತ್ತಿದ್ದ ಉತ್ತರ ಈ ಸಲ ಎರಡು ವಾರವಾದರೂ ಬರಲಿಲ್ಲ. ದಿನಾ ಇಮೇಲ್ ತೆರೆದು ನೋಡಿದೆ. ಕೊನೆಗೆ ಬಂತು. "ಅಣ್ಣಾ, ಬ್ಲಾಗಿಗೆ ಹಾಕಿದೆ. ದೊಡ್ಡವ್ವನಿಗೂ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ನಕ್ಕಳು. ಹುಚ್ಚ, ಇಷ್ಟು ದಿನ ಇದನ್ನ ಹೊತಗೊಂಡು ತಿರಗ್ಯಾನ, ಅಂವ ಕರದಿದ್ನಲ್ಲ, ಅಷ್ಟ ಸಾಕು ಅಂದಳು. ನೀನು ಚಿಂತೆ ಮಾಡಬೇಡ."

ಆ ದಿನ ನನಗೆ ಮೂರು ತರಗತಿಗಳಿದ್ದವು. ಮೂರರಲ್ಲೂ ಕೊನೆಗೆ ಶವಾಸನವನ್ನು ಬೇಕಂತಲೇ ಉದ್ದ ಮಾಡಿದೆ. ಎಲ್ಲರೂ ಕಣ್ಣು ಮುಚ್ಚಿ ಮಲಗಿದ್ದರು. ನಾನು ಅವರ ನಡುವೆ ನಿಂತು ಅತ್ತೆ. ಮನಸ್ಸು ಹಗುರವಾಯಿತು. ಆಮೇಲಿನ ಒಂದು ವರ್ಷ ಆ ಎರಡು ಮೂರು ಸಾಲುಗಳ ಮೇಲೆ ಬದುಕಿದೆ. ಊರಿಗೆ ಹೋಗಿ ಆಕೆಯ ಪಕ್ಕದಲ್ಲಿ ಕೂತು, ಆ ಕಾಗದವನ್ನು ತಂತಿಯಿಂದ ತೆಗೆದು, ಈ ಸಲ ನೆಟ್ಟಗೆ ಓದಬೇಕೆಂದು ದಿನ ಎಣಿಸಿದೆ.

ಒಂದು ಬದಲಾವಣೆ ನನ್ನ ಗಮನಕ್ಕೆ ಬಂದಿತ್ತು. ದೊಡ್ಡವ್ವ ತಪ್ಪು ಹಿಡಿಯುವುದನ್ನು ನಿಲ್ಲಿಸಿದ್ದಳು. ಏನು ಬರೆದರೂ "ಚಂದ ಬರದಾನ ಅಂದಳು" ಎಂದೇ ಬರುತ್ತಿತ್ತು. ಒಮ್ಮೆ ಪರೀಕ್ಷೆಗೆಂದು ಆಕಳುಗಳನ್ನು ಮೂರು ಮಾಡಿದೆ. ಅದಕ್ಕೂ ಚಂದ ಬರದಾನ. ಫೋನು ಮಾಡಿದಾಗ ಕೊಡು ಅಂದರೆ, "ಈಗ ಪೂರಾ ಕೇಳಸೂದ ಇಲ್ಲ ಅಣ್ಣಾ, ಸುಮ್ನ ಯಾಕ ಅಕಿಗಿ ತ್ರಾಸ," ಎನ್ನುತ್ತಿದ್ದಳು ತಂಗಿ. ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಎಂದುಕೊಂಡೆ. ನನ್ನ ಬರವಣಿಗೆ ಸುಧಾರಿಸಿದೆ ಎಂದೂ ಅಂದುಕೊಂಡೆ. ಆ ಹೊತ್ತಿನ ನನ್ನನ್ನು ನೆನೆದರೆ ಈಗಲೂ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಕರಾರು ಮುಗಿಯಿತು. ರೈಲು ಬೆಳಿಗ್ಗೆ ಯಾದಗಿರಿಗೆ ತಲುಪಿತು. ಶಹಾಪುರದ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಬಸ್ ನಿಲ್ದಾಣದ ಎದುರಿಗೆ ನೆಟ್ ಸೆಂಟರಿನ ಹಲಗೆ ಕಂಡಿತು. ಮಗುವಿನ ಹಾಗೆ ಖುಷಿಯಾಯಿತು. ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡು ಕೂತು ವಿಳಾಸ ಹಾಕಿದೆ. ಪುಟ ಸಿಕ್ಕಿತು. ಹಸಿರು ಹಿನ್ನೆಲೆ, ಮೇಲೆ ನನ್ನ ಹೆಸರು, ಕೆಳಗೆ ಸಾಲಾಗಿ ನನ್ನ ಮೂರು ವರ್ಷ. ಎಷ್ಟು ಸುಲಭ! ಮೊದಲು ನೋಡಬೇಕೆನಿಸಿದ್ದು ಕಾಗದದ ಲೇಖನ. ತಂಗಿ ಒಂದಕ್ಷರವನ್ನೂ ಬಿಡದೆ ಹಾಕಿದ್ದಳು. ಕೆಳಗೆ ಓದುಗರ ಮಾತುಗಳು ಉದ್ದಕ್ಕೆ ಇಳಿದಿದ್ದವು. ಇವುಗಳಲ್ಲಿ ಎರಡನ್ನೋ ಮೂರನ್ನೋ ಮಾತ್ರ ಅವಳು ನನಗೆ ಕಳಿಸಿದ್ದಳು.

ಮೊದಲನೆಯದು ಹೀಗಿತ್ತು: "ಸರ್, ನಾನು ನಿಮ್ಮ ಪಕ್ಕದ ಊರಿನವನು. ಎರಡು ತಿಂಗಳ ಹಿಂದೆ ಆ ತಾಯಿಯ ಮಣ್ಣಿಗೆ ನಾನೂ ಬಂದಿದ್ದೆ. ಈ ಮಾತನ್ನು ಅವರು ಇದ್ದಾಗಲೇ ಹೇಳಿದ್ದರೆ ಚೆನ್ನಾಗಿತ್ತು." ಅದರ ಕೆಳಗೆ ಇನ್ನೊಬ್ಬರು: "ಲೇಖಕರಿಗೆ ವಿಷಯ ಗೊತ್ತಿಲ್ಲವೆಂದು ಕಾಣುತ್ತದೆ. ಇನ್ನೂ ಬದುಕಿದ್ದಾರೆ ಎಂಬಂತೆಯೇ ಬರೆದಿದ್ದಾರೆ. ಯಾರಾದರೂ ತಿಳಿಸಿ." ಅದಕ್ಕೆ ಮತ್ತೊಬ್ಬರು: "ಬೇಡ. ಪರದೇಶದಲ್ಲಿ ಒಬ್ಬರೇ ಇದ್ದಾರೆ. ಬಂದ ಮೇಲೆ ಗೊತ್ತಾಗಲಿ." ಹೀಗೇ ಮುಂದೆ. ಸಾವಿನ ಮನೆಯ ಕಟ್ಟೆಯ ಮೇಲೆ ಕೂತು ಪಿಸುಮಾತಾಡುವವರ ಹಾಗೆ, ನನಗೆ ಮುಖವೂ ಗೊತ್ತಿಲ್ಲದ ಜನ ನನ್ನ ಬರಹದ ಕೆಳಗೆ ಕೂತು ನನ್ನ ಬಗ್ಗೆ ಮಾತಾಡಿಕೊಂಡಿದ್ದರು. ಒಂದು ವರ್ಷದಿಂದ ಅದು ಅಲ್ಲಿಯೇ ಇತ್ತು, ನನ್ನ ಹೆಸರಿನ ಪುಟದಲ್ಲಿ. ಯಾರು ಬೇಕಾದರೂ ಓದಬಹುದಿತ್ತು, ನಾನೊಬ್ಬನನ್ನು ಬಿಟ್ಟು.

ಅಂಗಡಿಯವನು ಬಂದು, "ಮೈಯಾಗ ಆರಾಮಿಲ್ಲೇನ್ರಿ ಸರ? ನೀರ ಕೊಡ್ಲೇನ್ರಿ?" ಎಂದ. ಬೇಡ ಅಂದೆ.

ಬಸ್ಸಿನಲ್ಲಿ ಆ ದೇಶವನ್ನು ಬೈದೆ. ಭೀಮಾ ನದಿಯ ಸೇತುವೆ ದಾಟುವವರೆಗೆ ಅದು ನಡೆಯಿತು. ಆಮೇಲೆ ಬೈಗುಳಕ್ಕೆ ಜೀವ ಉಳಿಯಲಿಲ್ಲ. ಅವರು ಮುಚ್ಚಿದ್ದು ಒಂದು ತಾಣವನ್ನು. ದೊಡ್ಡವ್ವನ ಸಾವನ್ನು ಮುಚ್ಚಿದ್ದು ನಮ್ಮ ಮನೆ. ಶಹಾಪುರದ ಹತ್ತಿರ ಬಂದಾಗ ಪಕ್ಕದವನು ಕಿಟಕಿಯ ಹೊರಗೆ ಕೈ ತೋರಿಸಿ ತನ್ನ ಮಗಳಿಗೆ, ಬುದ್ಧ ಮಲಗ್ಯಾನ ನೋಡು ಗುಡ್ಡದ ಮ್ಯಾಲ, ಎನ್ನುತ್ತಿದ್ದ. ನಾನು ಆ ಕಡೆ ನೋಡಲಿಲ್ಲ.

ತಂಗಿ ಬಾಗಿಲಲ್ಲೇ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ಏನು ಹೇಳುತ್ತಾಳೋ ನೋಡೋಣವೆಂದು, "ದೊಡ್ಡವ್ವ ಎಲ್ಲಿ?" ಅಂದೆ. ಸಣ್ಣತನ, ಗೊತ್ತು.

"ಅಬ್ಬೆತುಮಕೂರಿಗಿ ಹೋಗ್ಯಾಳ, ಮಠಕ್ಕ. ನೀ ಮೊದಲ ಕೈಕಾಲ ತೊಳಕೋ ಅಣ್ಣಾ. ಉಣ್ಣು."

ದೂರದಿಂದ ಬಂದವನಿಗೆ ಹೊಟ್ಟೆಗೆ ಹಾಕದೆ ಸಾವಿನ ಸುದ್ದಿ ಹೇಳುವುದಿಲ್ಲ ನಮ್ಮಲ್ಲಿ. ಹೇಳಿದರೆ ಅವನು ಉಣ್ಣುವುದಿಲ್ಲ. ಅವಳು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು, ಆಮೇಲೆ ಅನ್ನ. ನಾನು ತಲೆ ಬಗ್ಗಿಸಿ ಎಲ್ಲವನ್ನೂ ಉಂಡೆ. ಉಣ್ಣದಿದ್ದರೆ ನನಗೆ ಗೊತ್ತೆಂದು ಅವಳಿಗೆ ಗೊತ್ತಾಗುತ್ತಿತ್ತು. ಕೈ ತೊಳೆದ ಮೇಲೆ ಹೇಳಿದೆ, "ಯಾದಗಿರಿಯಾಗ ಬ್ಲಾಗ್ ನೋಡಿದೆ."

ಅವಳು ಗೋಡೆಗೆ ಒರಗಿ ಕುಳಿತಳು.

"ಅಕೀನ ಆಣಿ ಹಾಕಿಸ್ಕೊಂಡಳು ಅಣ್ಣಾ. ಅಂವಗ ಹೇಳಬ್ಯಾಡ, ನೌಕರಿ ಬಿಟ್ಟು ಓಡಿ ಬರ್ತಾನ ಅಂದಳು. ಆಮ್ಯಾಲ ನೀ ಅದನ್ನ ಬರದು ಕಳಿಸಿದಿ. ನಾ ಏನ್ ಮಾಡ್ಲಿ? ಯಾರಿಗಿ ಓದಿ ಹೇಳ್ಲಿ?"

"ನಕ್ಕಳು ಅಂತ ಬರದಿದ್ದಿಯಲ್ಲ."

"ನಾನ ಬರದೆ. ಅಕಿ ಇದ್ದಿದ್ರ ಹಂಗ ಅಂತಿದ್ದಳು ಅನಿಸ್ತು."

ಹಾಗೆ ಅನ್ನುತ್ತಿದ್ದಳೋ, ನನ್ನ ಮುಖಕ್ಕೆ ಉಗಿಯುತ್ತಿದ್ದಳೋ, ಯಾರಿಗೆ ಗೊತ್ತು. ನಾನು ಎದ್ದು ಒಳಗಿನ ಕೋಣೆಗೆ ಹೋದೆ. ಗೋಡೆಯಲ್ಲಿ ಮೊಳೆ ಇತ್ತು, ತಂತಿ ಇರಲಿಲ್ಲ.

"ನಿನ್ನ ಬರಹ ಓದಿದ ದಿನ ನಾನೂ ಹುಡಕಾಕ ಬಂದೆ," ಎಂದಳು ತಂಗಿ ಹಿಂದಿನಿಂದ. "ಆಮ್ಯಾಲ ನೆನಪಾತು. ಮಣ್ಣ ಮಾಡೂ ಮುಂದ ತಂತಿ ಸಮೇತ ಅಕಿ ಎದಿ ಮ್ಯಾಲ ಇಟ್ಟಿದ್ದೆ. ಗಂಡನ ಕಾಗದ, ಅಕಿ ಸಂಗಾಟ ಹೋಗ್ಲಿ ಅಂತ. ಒಂದರ ಬಿಚ್ಚಿ ಓದಿದ್ರ..."

ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ನನ್ನ ಮೇಲೆ ಇದ್ದದ್ದು ಸಿಟ್ಟು ಎನ್ನುವಷ್ಟು ಸಣ್ಣದಲ್ಲ. ಅಕಿ ಬಂದ್ರ ಸಾಕು ಎಂಬ ಆ ಮಾತು ಆಕೆಯ ಎದೆಯ ಮೇಲೆಯೇ ಇದೆ, ಎಲ್ಲ ಕಾಗದಗಳ ಅಡಿಯಲ್ಲಿ, ನಾನು ಬಚ್ಚಿಟ್ಟ ಜಾಗದಲ್ಲಿ.

ಕೇಳಬಾರದೆಂದುಕೊಂಡೇ ಕೇಳಿದೆ, "ಹೋಗೂ ಮುಂದ ನನ್ನ ಕರದಳೇನು?"

ತಂಗಿ ನನ್ನ ಊಟದ ತಾಟು ಎತ್ತಿಕೊಂಡಳು. "ಇಲ್ಲ ಅಣ್ಣಾ, ಕರೀಲಿಲ್ಲ. ತ್ರಾಸ ಏನೂ ಆಗಲಿಲ್ಲ. ನಿದ್ದಿ ಹತ್ತಿದಂಗ ಹೋದಳು."

ಎಲ್ಲಿಯೂ ತಡವರಿಸದೆ, ಒಂದೇ ಉಸಿರಿನಲ್ಲಿ ಹೇಳಿದಳು.

"ಇನ್ನೊಮ್ಮಿ ಹೇಳು," ಅಂದೆ.

"ಇಲ್ಲ ಅಣ್ಣಾ, ಕರೀಲಿಲ್ಲ. ತ್ರಾಸ ಏನೂ ಆಗಲಿಲ್ಲ. ನಿದ್ದಿ ಹತ್ತಿದಂಗ ಹೋದಳು," ಎಂದಳು.